ಹಲ್ಲುಪುಡಿಯ ಖಳನಾಯಕ

ಅವನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದರಲ್ಲಿ ಗುಟ್ಟೇನೂ ಇಲ್ಲ, ಬರೆದರೆ ಯಾರಿಗೂ ಗುರುತು ಹತ್ತುವುದಿಲ್ಲ, ಅಷ್ಟೇ. ಹಳಿಯಾಳದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಆ ಹೆಸರು ಹೇಳಿ ಮನೆ ಕೇಳಿದರೆ ಪಾನಿನ ಅಂಗಡಿಯವನು ತಲೆ ಕೆರೆದುಕೊಂಡು, ಅಂಥವರು ನಮ್ಮೂರಲ್ಲಿ ಇಲ್ಲ ಎಂದು ಬಂದವರನ್ನು ಮುಂದಿನ ಬಸ್ಸಿಗೆ ಹತ್ತಿಸುತ್ತಿದ್ದ. ‘ಹುಳುಕಾಸುರನ ಮನೆ’ ಎಂದರೆ ಮಾತ್ರ ಅಂಗಡಿ ಬಿಟ್ಟು ಇಳಿದು ಬಂದು ಓಣಿಯ ತನಕ ಬಿಟ್ಟುಹೋಗುತ್ತಿದ್ದ. ಗ್ಯಾಸಿನ ಸಿಲಿಂಡರ್ ತರುವವನು ಕೂಡ ಹೊರಗಿನಿಂದ ‘ಹುಳುಕಾಸುರ ಕಾಕಾ’ ಎಂದೇ ಕೂಗುತ್ತಿದ್ದ, ಇವನು ಒಳಗಿನಿಂದ ‘ಓ’ ಎನ್ನುತ್ತಿದ್ದ.

ಕಳೆದ ವರ್ಷ ಕಬ್ಬಿನ ಗಾಡಿಗಳು ಸಕ್ಕರೆ ಕಾರ್ಖಾನೆಯ ಮುಂದೆ ಸಾಲುಗಟ್ಟುವ ಹೊತ್ತಿಗೆ ಅವನು ತೀರಿಕೊಂಡ. ಸತ್ತ ಗೆಳೆಯನನ್ನು ನೆನೆದರೆ ಕಣ್ಣಿಗೆ ನೀರು ಬರಬೇಕು. ನನಗೆ ಮೊದಲು ನಗು ಬರುತ್ತದೆ, ನೀರು ಅದರ ಬೆನ್ನಿಗೆ ಬರುತ್ತದೆ. ಅವನನ್ನು ಬಲ್ಲ ಎಲ್ಲರಿಗೂ ಹೀಗೆಯೇ ಆಗುತ್ತದೆಂದು ಕೇಳಿದ್ದೇನೆ.

ಆಗ ನಮ್ಮೂರಿನಲ್ಲಿ ಒಂದು ಹಲ್ಲುಪುಡಿಯ ಕಾರ್ಖಾನೆ ಇತ್ತು. ಕಾರ್ಖಾನೆ ಎಂದರೆ ಒಂದು ತಗಡಿನ ಶೆಡ್ಡು, ಒಂದು ಬೀಸುವ ಯಂತ್ರ, ಹುಬ್ಬಿನವರೆಗೆ ಗುಲಾಬಿ ಪುಡಿ ಮೆತ್ತಿಕೊಂಡು ಓಡಾಡುವ ಹೆಣ್ಣಾಳುಗಳು. ಮಾಲೀಕರನ್ನು ಎಲ್ಲರೂ ಸಾಹೇಬರು ಎನ್ನುತ್ತಿದ್ದರು. ಕಿರಾಣಿ ವ್ಯಾಪಾರದಿಂದ ಮೇಲೆ ಬಂದವರು. ಪ್ರತಿ ಡಬ್ಬಿಯ ಜೊತೆ ಅಂಗೈ ಅಗಲದ ಒಂದು ಕಾಮಿಕ್ಸ್ ಪುಸ್ತಕ ಪುಕ್ಕಟೆ ಕೊಡಬೇಕೆಂಬ ಹುಚ್ಚನ್ನು ಅವರ ತಲೆಗೆ ಹತ್ತಿಸಿದವನು ಇವನೇ. ಬಸ್‌ಸ್ಟ್ಯಾಂಡಿನ ಹಿಂದಿನ ಪ್ರೆಸ್ಸಿನಲ್ಲಿ ಅವನು ಚಿತ್ರಗಾರನಾಗಿ ಕೆಲಸಕ್ಕಿದ್ದ, ನಾನು ಕರಡು ತಿದ್ದುತ್ತಿದ್ದೆ. ಹೀಗಾಗಿ ಅವನು ಚಿತ್ರ ಬರೆಯುವುದು, ನಾನು ಮಾತು ಬರೆಯುವುದು ಎಂದಾಯಿತು.

ಕಥೆ ಯಾವಾಗಲೂ ಒಂದೇ. ಹಲ್ಲು ಕೊರೆಯುವ ದೈತ್ಯ ಹುಳುಕಾಸುರ ಬರುತ್ತಾನೆ, ಮಕ್ಕಳು ಕೆನ್ನೆ ಹಿಡಿದುಕೊಂಡು ಅಳುತ್ತಾರೆ, ಗುಲಾಬಿ ಮೇಲಂಗಿಯ ದಂತವೀರ ಹಾರಿ ಬಂದು ಮುಷ್ಟಿ ತುಂಬ ಹಲ್ಲುಪುಡಿ ಎರಚುತ್ತಾನೆ, ದೈತ್ಯ ಕೆಮ್ಮುತ್ತ ಓಡುತ್ತಾನೆ. ಓಡುವ ಜಾಗ ಮಾತ್ರ ಬೇರೆ. ಒಮ್ಮೆ ಹಳಿಯಾಳದ ಸಂತೆ, ಒಮ್ಮೆ ಜೋಯಿಡಾದ ಕಾಡು. ಒಮ್ಮೆ ಸೂಪಾ ಅಣೆಕಟ್ಟಿನ ಮೇಲಿಂದ ಹಿನ್ನೀರಿಗೆ ಹಾರಿಬಿಟ್ಟು, ಅವನ ಮೈಮೇಲಿನ ಪುಡಿ ಕರಗಿ ಕಾಳಿ ನದಿಗೆ ನದಿಯೇ ಗುಲಾಬಿಯಾಗಿ, ಮೀನುಗಳೆಲ್ಲ ಹಲ್ಲು ಕಿಸಿದು ನಕ್ಕವು. ಮೀನಿಗೆ ಅಂಥ ಹಲ್ಲು ಎಲ್ಲಿರುತ್ತವೆ ಎಂದು ನಾನು ತಕರಾರು ತೆಗೆದೆ. “ಪುಡಿ ತಿಕ್ಕಿದ ಮ್ಯಾಲ ಬಂದಾವ, ಪಂಡಿತ,” ಎಂದ. ಅವನು ನನ್ನನ್ನು ಹೆಸರು ಹಿಡಿದು ಕರೆದದ್ದು ನೆನಪಿಲ್ಲ. ಕಾಗುಣಿತ ತಿದ್ದುವವನಾದ್ದರಿಂದ ನಾನು ಪಂಡಿತ.

ಅವನು ಬೆಳೆದದ್ದು ದಾಂಡೇಲಿಯಲ್ಲಿ. ಅವನ ಅಪ್ಪ ಕಾಗದದ ಮಿಲ್ಲಿನ ರದ್ದಿ ಅಂಗಳದಲ್ಲಿ ಕೆಲಸಕ್ಕಿದ್ದರು. ಲಾರಿಗಟ್ಟಲೆ ಬರುತ್ತಿದ್ದ ಹಳೆಯ ಕಾಗದದ ಗಂಟುಗಳಲ್ಲಿ ಯಾವ ಯಾವ ಊರಿನದೋ ಕಾಮಿಕ್ಸುಗಳು ಸಿಗುತ್ತಿದ್ದವು. ಮೇಸ್ತ್ರಿಗೆ ಹೇಳಿ ಅಪ್ಪ ಅವನ್ನು ಮನೆಗೆ ತರುತ್ತಿದ್ದರು. ಕೆಲವಕ್ಕೆ ಮುಖಪುಟವಿಲ್ಲ, ಕೆಲವಕ್ಕೆ ಕೊನೆಯಿಲ್ಲ, ಭಾಷೆಯಂತೂ ಮರಾಠಿ, ಹಿಂದಿ, ಇಂಗ್ಲಿಷು, ದೇವರಿಗೇ ಗೊತ್ತು. ಓಣಿಯ ಹುಡುಗರು ಕಥೆಯ ಪುಟಗಳಿಗಾಗಿ ಕಚ್ಚಾಡಿದರೆ ಇವನು ಜಾಹೀರಾತಿನ ಪುಟ ಹರಿದುಕೊಂಡು ಸುಮ್ಮನೆ ಮೂಲೆಗೆ ಹೋಗುತ್ತಿದ್ದನಂತೆ. ಗೋಡೆಯ ಆಚೆಗಿನದನ್ನು ಕಾಣಿಸುವ ಕನ್ನಡಕ, ಬಡಕಲ ಹುಡುಗನನ್ನು ಪೈಲವಾನ ಮಾಡುವ ಪುಡಿ, ಬಕ್ಕತಲೆಯ ಮೇಲೆ ಕಾಡು ಬೆಳೆಸುವ ಎಣ್ಣೆ. ಆ ಪುಟಗಳನ್ನು ಅವನು ಕೊನೆಯ ತನಕ ಇಟ್ಟುಕೊಂಡಿದ್ದ. ಇವನ್ನೇ ಯಾಕೆ ಇಟ್ಟುಕೊಂಡೆ ಎಂದು ಕೇಳಿದರೆ ಅವನ ಹತ್ತಿರ ಉತ್ತರ ತಯಾರಿತ್ತು.

“ಕಥಿ ಸುಳ್ಳ ಹೇಳ್ತೈತಿ. ಜಾಹೀರಾತು ಅದಕ್ಕಿಂತ ದೊಡ್ಡ ಸುಳ್ಳ ಹೇಳ್ತೈತಿ. ಆದ್ರ ಕಥಿ ಹೀರೋನ ಬಗ್ಗೆ ಹೇಳ್ತೈತಿ, ಜಾಹೀರಾತು ನನ್ನ ಬಗ್ಗೆ ಹೇಳ್ತೈತಿ. ನೀನೂ ಪೈಲವಾನ ಆಗ್ತಿ ಬಾ ಅಂತೈತಿ. ಹಂಗ ಅಂದವರು ಮತ್ತ್ಯಾರದಾರ?”

ಆ ಜಾಹೀರಾತುಗಳಿಂದಲೇ ಅವನಿಗೆ ‘ಮೊದಲು’ ಮತ್ತು ‘ನಂತರ’ದ ಗೀಳು ಹತ್ತಿದ್ದು. ಪಕ್ಕಪಕ್ಕದಲ್ಲಿ ಎರಡು ಚಿತ್ರ: ಮೊದಲು ಸಣಕಲ, ನಂತರ ಭೀಮ. ಲೋಕವನ್ನೆಲ್ಲ ಅವನು ಹೀಗೆಯೇ ನೋಡುತ್ತಿದ್ದ. ಮುಂಡಗೋಡದ ಬಸ್ಸಿಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹತ್ತುವವರನ್ನು ಕಂಡರೆ “ಮೊದಲು” ಎನ್ನುತ್ತಿದ್ದ. ಅದೇ ಬಸ್ಸಿನಿಂದ ಕೆಂಪು ಧೂಳು ಹೊತ್ತು ಇಳಿಯುವವರನ್ನು ಕಂಡರೆ “ನಂತರ” ಎನ್ನುತ್ತಿದ್ದ. ಖಾನಾವಳಿಯಲ್ಲಿ ಊಟ ಮುಗಿಸಿದ ತಾಟು ತೋರಿಸಿ ಒಮ್ಮೆ, ನಮ್ಮ ಪ್ರೆಸ್ಸಿನ ಮಾಲೀಕರ ಮದುವೆಯ ಫೋಟೋ ತೋರಿಸಿ, ಆಮೇಲೆ ಮಾಲೀಕರನ್ನೇ ತೋರಿಸಿ ಒಮ್ಮೆ. ಅಂದು ಅವನನ್ನು ಕೆಲಸದಿಂದ ತೆಗೆದೇಬಿಟ್ಟರು ಎಂದುಕೊಂಡೆ. ಮಾಲೀಕರು ಫೋಟೋವನ್ನು ಒಮ್ಮೆ, ಗೋಡೆಯ ಮೇಲಿನ ಕನ್ನಡಿಯನ್ನು ಒಮ್ಮೆ ನೋಡಿ, ಎಲ್ಲರಿಗೂ ಚಹಾ ತರಿಸಿದರು.

ನನಗೂ ಅವನಿಗೂ ಜಗಳವಾಗುತ್ತಿದ್ದದ್ದು ಗುಳ್ಳೆಗಳ ವಿಷಯಕ್ಕೆ. ಪಾತ್ರದ ಬಾಯಿಯಿಂದ ಹೊರಟು ಮಾತನ್ನು ಹೊತ್ತುಕೊಂಡು ನಿಲ್ಲುವ ದುಂಡನೆಯ ಜಾಗಕ್ಕೆ ನಾವು ಗುಳ್ಳೆ ಎನ್ನುತ್ತಿದ್ದೆವು. ನನಗೋ ಮಾತಿನ ಚಟ. ದಂತವೀರ ಬಾಯಿ ತೆರೆದರೆ ಉಪಮೆ, ಪ್ರಾಸ, ನಡುವೆ ಒಂದೆರಡು ನೀತಿವಾಕ್ಯ. ಅವನು ನನ್ನ ಕಾಗದ ಹಿಡಿದು ಓದಿ, ಕತ್ತರಿ ತೆಗೆದುಕೊಂಡು ಮುಕ್ಕಾಲು ಪಾಲು ಕತ್ತರಿಸಿ ಕೆಳಗೆ ಬಿಡುತ್ತಿದ್ದ.

“ಗುಳ್ಳಿ ಸಣ್ಣದ ಇರ್ಲಿ ಪಂಡಿತ. ಗುಳ್ಳಿ ದೊಡ್ಡದಾತಂದ್ರ ಮನಷ್ಯಾನ ತಲಿ ಕಾಣಂಗಿಲ್ಲ.”

ಇದೊಂದು ಮಾತನ್ನು ಅವನು ನನಗೆ ಅದೆಷ್ಟು ಸಲ ಹೇಳಿದನೋ. ನಾನು ಪ್ರತಿ ಸಲವೂ ಸಿಟ್ಟಾಗುತ್ತಿದ್ದೆ.

ಇನ್ನು ಮುಖಗಳ ವಿಷಯ. ನೋಡದೆ ಮುಖ ಬರೆಯುವುದು ಅವನಿಗೆ ಬರುತ್ತಿರಲಿಲ್ಲ. ಎದುರಿಗೆ ಒಬ್ಬರು ಕೂರಬೇಕು. ದಂತವೀರನಾಗಲು ಊರೇ ತಯಾರಿತ್ತು. ಕೊನೆಗೆ ಸಾಹೇಬರ ಹೆಂಡತಿಯ ತಮ್ಮನೇ ದಂತವೀರನಾದ. ಆ ಹುಡುಗ ಸಾಹೇಬರ ಅಂಗಡಿಯಲ್ಲಿ ಕೆಲಸ ಮಾಡುವುದಕ್ಕಿಂತ ತಲೆ ಬಾಚಿಕೊಳ್ಳುವುದೇ ಹೆಚ್ಚು. ಹುಳುಕಾಸುರನಾಗಲು ಮಾತ್ರ ಒಬ್ಬನೂ ಒಪ್ಪಲಿಲ್ಲ. ಒಬ್ಬ ಹಳೆಯ ಕುಸ್ತಿ ಪೈಲವಾನರು ಚಹಾದ ಆಸೆಗೆ ಕೂತರು. ಚಿತ್ರ ನೋಡಿದ ಅವರ ಹೆಂಡತಿ ಲಟ್ಟಣಿಗೆ ಹಿಡಿದು ಪ್ರೆಸ್ಸಿಗೆ ಬಂದರು. ಆಮೇಲೆ ಇವನು ಕ್ಷೌರದ ಕನ್ನಡಿಯೊಂದನ್ನು ತಂದು ಮೇಜಿನೆದುರು ಮೊಳೆ ಹೊಡೆದು ತೂಗುಹಾಕಿದ. ತನ್ನ ಮುಖವನ್ನೇ ನೋಡಿಕೊಂಡು, ಹುಬ್ಬು ಏರಿಸಿ, ಬಾಯಿ ಸೊಟ್ಟ ಮಾಡಿ, ಮೂಗು ಹಿಗ್ಗಿಸಿ ದೈತ್ಯನನ್ನು ಬರೆದ. ಹಲ್ಲುಗಳಿಗೆ ಮಾತ್ರ ಮಸಿ ಬಳಿದ. ಲಗ್ನಪತ್ರಿಕೆ ಅಚ್ಚು ಹಾಕಿಸಲು ಬಂದವರು ಕನ್ನಡಿಯ ಮುಂದೆ ಹಲ್ಲು ಕಡಿಯುವ ಇವನನ್ನು ಕಂಡು, ಪ್ರೆಸ್ಸಿನಲ್ಲಿ ಯಾರಿಗೋ ಮೈಮೇಲೆ ಬಂದಿದೆ ಎಂದು ಹೊರಗೇ ಚಪ್ಪಲಿ ಬಿಟ್ಟು ಕೈಮುಗಿದು ನಿಲ್ಲುತ್ತಿದ್ದರು.

ಪುಸ್ತಕ ಊರೂರಿಗೆ ಹೋಯಿತು. ಹೋದಲ್ಲೆಲ್ಲ ಅವನ ಮುಖವೂ ಹೋಯಿತು. ಸಂತೆಯಲ್ಲಿ ಮಕ್ಕಳು ಅವನನ್ನು ಕಂಡು ಬಾಯಿ ಮುಚ್ಚಿಕೊಂಡು ತಾಯಿಯ ಸೀರೆಯಲ್ಲಿ ಅಡಗುತ್ತಿದ್ದರು. ತಮಾಷೆ ಏನೆಂದರೆ, ಇಡೀ ಹಳಿಯಾಳದಲ್ಲಿ ಅಷ್ಟು ಚಂದದ ಹಲ್ಲು ಮತ್ತೊಬ್ಬರಿಗಿರಲಿಲ್ಲ. ಅದಕ್ಕೆ ಕಾರಣ ಬೇವಿನ ಕಡ್ಡಿ. ಸಾಹೇಬರ ಪುಡಿಯನ್ನು ಅವನು ಒಂದು ದಿನವೂ ಬಾಯಿಗೆ ಹಾಕಿದವನಲ್ಲ. ಸಾಹೇಬರಿಗೆ ಇದು ಕೊನೆಯ ತನಕ ಗೊತ್ತಾಗಲಿಲ್ಲ. ಈಗ ಅವರೂ ಇಲ್ಲ, ಇವನೂ ಇಲ್ಲ, ಹೇಳಿದರೆ ತಪ್ಪಿಲ್ಲ.

ಗಂಡಾಂತರ ಬಂದದ್ದು ಮದುವೆಯ ಮಾತಿನಲ್ಲಿ. ಕನ್ಯೆ ನೋಡಲು ಹೋದಲ್ಲೆಲ್ಲ ಉಪ್ಪಿಟ್ಟು ಬರುವುದರೊಳಗೆ ಮನೆಯ ಮಕ್ಕಳು ಕಿರುಚಿಕೊಂಡು ಹಿತ್ತಿಲಿಗೆ ಓಡುತ್ತಿದ್ದವು. ಹಿರಿಯರು ಡಬ್ಬಿಯ ಪುಸ್ತಕ ತಂದು ಇವನ ಮುಖದ ಪಕ್ಕದಲ್ಲಿ ಹಿಡಿದು ನೋಡಿ, ಚಹಾ ಕೊಟ್ಟು ಕಳಿಸುತ್ತಿದ್ದರು. ಇವನು ನಗುತ್ತಲೇ ಬರುತ್ತಿದ್ದ. ಆದರೆ ಕನ್ನಡಿಯ ಮುಂದೆ ಕೂತಾಗ ಮೊದಲಿನಂತೆ ಹುಬ್ಬು ಏರಿಸುವುದನ್ನು ಬಿಟ್ಟಿದ್ದ. ಅವನಿಗೆ ನೋವಾಗಿತ್ತು. ನನಗೂ ಆಗಿತ್ತು.

ಮುಂಡಗೋಡದ ಆಚೆ ಪಾಳಾಕ್ಕೆ ಹೊರಟಾಗ ಅವನ ಸೋದರಮಾವ ನನ್ನನ್ನೂ ಕರೆದರು. ನಮ್ಮ ಕಡೆಯವರು ಯಾರ ಮನೆಗೂ ಕೈಬೀಸಿಕೊಂಡು ಹೋಗುವುದಿಲ್ಲ, ಕಬ್ಬು ಒಯ್ಯುತ್ತೇವೆ. ಮಾವ ಒಂದು ಹೊರೆ ಕಬ್ಬನ್ನು ಬಸ್ಸಿನ ತಲೆಯ ಮೇಲೆ ಹೇರಿಸಿದರು. ಆ ಮನೆಯಲ್ಲೂ ಅದೇ ಆಯಿತು. ನಾವು ಚಾಪೆಯ ಮೇಲೆ ಕೂರುತ್ತಲೇ ಒಂದು ಚಿಕ್ಕ ಹುಡುಗಿ “ಹುಳುಕಾಸುರ ಬಂದಾನೋ” ಎಂದು ಓಡಿತು. ಕನ್ಯೆಯ ಅಜ್ಜಿ ಬಂದು ಇವನ ಮುಂದೆಯೇ ಕುಕ್ಕರಗಾಲಲ್ಲಿ ಕೂತು ಮುಖವನ್ನು ದಿಟ್ಟಿಸಿದರು.

“ಮಾರಿ ಅಂತೂ ಅದ ಐತಿ. ಹಲ್ಲೂ ಅವ ಇದ್ರ ನನ್ನ ಮೊಮ್ಮಗಳ ಗತಿ ಏನಪಾ?” ಎಂದವರೇ ನಾವು ಒಯ್ದ ಹೊರೆಯಿಂದಲೇ ಒಂದು ಕಬ್ಬು ಎಳೆದರು. “ತಗೋ ತಮ್ಮಾ, ಸುಲಿ. ಕುಡಗೋಲ ಕೇಳಬ್ಯಾಡ.”

ಇವನು ಅಂಗಿಯ ತೋಳು ಮಡಚಿದ. ಕಬ್ಬಿನ ತುದಿಯನ್ನು ದವಡೆಗೆ ಕೊಟ್ಟು ಎಳೆದ ನೋಡಿ, ಸಿಪ್ಪೆ ಉದ್ದಕ್ಕೆ ಸರ್ರನೆ ಬಂತು. ಗಿಣ್ಣುಗಳನ್ನು ಕಟಕಟನೆ ಮುರಿದು, ಬಿಳಿಯ ತುಂಡುಗಳನ್ನು ತಾಟಿನಲ್ಲಿ ಜೋಡಿಸಿ ಅಜ್ಜಿಯ ಮುಂದೆ ಸರಿಸಿದ. ಅಜ್ಜಿಗೆ ಹಲ್ಲಿರಲಿಲ್ಲ. ಆದರೂ ಒಂದು ತುಂಡನ್ನು ಸಂತೋಷದಿಂದ ಒಸಡಿನಲ್ಲಿ ಹಿಡಿದು ಚೀಪತೊಡಗಿದರು. ಕೆಲಸ ಆಯಿತು ಎಂದು ಮಾವ ಮೀಸೆ ತಿರುವಿದರು. ಆಗ ಕನ್ಯೆ ಬಾಯಿಬಿಟ್ಟಳು.

“ಹಲ್ಲ ಛಲೋ ಅದಾವ. ನಂದು ಹಲ್ಲಿನ ಮಾತಲ್ಲ. ನಾ ಇವರ ಪುಸ್ತಕ ಎಲ್ಲಾ ಓದೇನಿ. ತಮ್ಮ ಮಾರಿ ತಾವ ಬರೀತಾರ, ಮತ್ತ ತಾವ ಸೋಲ್ತಾರ. ಪ್ರತಿ ಸಲ ಸೋಲ್ತಾರ. ಪೆನ್ಸಿಲ್ ಇವರ ಕೈಯಾಗ ಐತಿ, ಮಂದಿ ಕೈಯಾಗಿಲ್ಲ. ಸೋಲೋದ ರೂಢಿ ಮಾಡ್ಕೊಂಡವರ ಜೋಡಿ ನಾ ಹೆಂಗ ಬಾಳೇ ಮಾಡ್ಲಿ? ಒಮ್ಮೆ ಗೆದ್ದ ತೋರಸ್ಲಿ. ಆಮ್ಯಾಲ ನೋಡೂಣು.”

ಅಜ್ಜಿ ಚೀಪುವುದನ್ನು ನಿಲ್ಲಿಸಿದರು. ಮಾವನ ಮೀಸೆ ಇಳಿಯಿತು. ಇವನು ಅವಳನ್ನೇ ನೋಡುತ್ತಿದ್ದ, ಬಾಯಿ ತೆರೆದೇ ಇತ್ತು. ವಾಪಸು ಬರುವಾಗ ಬಸ್ಸಿನಲ್ಲಿ ಕಲಘಟಗಿ ಹತ್ತಿರವಾದಾಗ ನನ್ನ ತೊಡೆಗೆ ಹೊಡೆದು, “ಲಗ್ನ ಅಂತ ಆದ್ರ ಅಕಿನ್ನ, ಇಲ್ಲಂದ್ರ ಇಲ್ಲ,” ಎಂದ. ಅವನು ಇದನ್ನು ತಮಾಷೆಯಿಲ್ಲದೆ ಹೇಳಿದ್ದರಿಂದ ನನಗೆ ಹೆದರಿಕೆಯಾಯಿತು.

ಸಾಹೇಬರು ವಿಷಯ ಕೇಳಿ ತಲೆಯ ಮೇಲಿನ ಟೋಪಿ ತೆಗೆದು ಮತ್ತೆ ಹಾಕಿಕೊಂಡರು. “ನಿಮ್ಮ ಲಗ್ನ ಆಗ್ಲಿ, ನನಗೂ ಖುಷಿ. ಆದ್ರ ಹುಳುಕಾಸುರ ಗೆದ್ರ ನನ್ನ ಪುಡಿ ಸೋತಂಗಲ್ಲೇನ್ರಿ? ಜನ ನನ್ನ ಡಬ್ಬಿ ಯಾಕ ತಗೋತಾರ?” ಅವರ ಮಾತೂ ಖರೆಯೇ. ನಾನು ನನ್ನ ಬುದ್ಧಿಯನ್ನೆಲ್ಲ ಖರ್ಚು ಮಾಡಿದೆ. ದೈತ್ಯ ಕನಸಿನಲ್ಲಿ ಗೆದ್ದಂತೆ ಬರೆಯೋಣ ಎಂದೆ. “ಕನಸಿನ್ಯಾಗ ಗೆದ್ರ ಲಗ್ನಾನೂ ಕನಸಿನ್ಯಾಗ ಆಗ್ತೈತಿ,” ಎಂದ. ದೈತ್ಯ ಪಶ್ಚಾತ್ತಾಪಪಟ್ಟು ಸಂನ್ಯಾಸಿಯಾಗಲಿ ಎಂದೆ. ಸಂನ್ಯಾಸಿಗೆ ಹೆಣ್ಣು ಕೊಡುವವರು ಯಾರು ಎಂದು ಅವನ ಮಾವನೇ ಕೇಳಿದರು. ಪುಸ್ತಕ ಅಚ್ಚಿಗೆ ಹೋಗುವ ದಿನ ಹತ್ತಿರ ಬಂತು. ಅವನು ಊಟಕ್ಕೂ ಏಳದೆ ತನ್ನ ಹಳೆಯ ಜಾಹೀರಾತುಗಳನ್ನು ಮೇಜಿನ ತುಂಬ ಹರಡಿಕೊಂಡು ಕೂತಿದ್ದ. ಒಮ್ಮೆಲೇ ಎದ್ದು ನಿಂತು ನನ್ನ ಎರಡೂ ಕಿವಿ ಹಿಡಿದುಕೊಂಡ.

“ಪಂಡಿತ, ನಾವ ದಡ್ಡರು. ಇಷ್ಟ ದಿನ ‘ನಂತರ’ ಯಾರಿಗಿ ಕೊಟ್ವಿ? ದಂತವೀರಗ. ಅವಂಗ ಮೊದಲೂ ಹಲ್ಲ ಛಲೋ, ನಂತರನೂ ಹಲ್ಲ ಛಲೋ. ಪುಡಿ ಬೇಕಾದಾವ ಯಾರು? ಹುಳುಕಾಸುರ. ಅವಂಗ ಪುಡಿ ಕೊಡೋದ ಬಿಟ್ಟು ಮಾರಿಗಿ ಎರಚಿ ಓಡ್ಸಾಕತ್ತೇವಿ.”

ಹೀಗೆ ಆ ಪುಸ್ತಕ ಹುಟ್ಟಿತು. ಹುಳುಕಾಸುರ ಸಾಹೇಬರ ಶೆಡ್ಡಿಗೆ ಕನ್ನ ಹಾಕಿ ಒಂದು ಡಬ್ಬಿ ಕದಿಯುತ್ತಾನೆ. ಇದರಲ್ಲಿ ಅಂಥದ್ದೇನಿದೆ ನೋಡೋಣ ಎಂದು ಕಾಳಿ ನದಿಯ ದಂಡೆಯಲ್ಲಿ ಕೂತು ಹಲ್ಲು ತಿಕ್ಕುತ್ತಾನೆ. ಎಡಗಡೆಯ ಚೌಕದಲ್ಲಿ ‘ಮೊದಲು’, ಬಲಗಡೆಯಲ್ಲಿ ‘ನಂತರ’. ಮಕ್ಕಳೆಲ್ಲ ಅವನ ಹೆಗಲೇರುತ್ತಾರೆ. ಅತ್ತ ದಂತವೀರ ಅಭಿಮಾನಿಗಳು ಕೊಟ್ಟ ಜಿಲೇಬಿ ತಿಂದು, ನನಗೇನಾಗುತ್ತದೆ ಎಂಬ ಸೊಕ್ಕಿನಲ್ಲಿ ತಿಕ್ಕದೆ ಮಲಗಿ, ಬೆಳಗ್ಗೆ ಕೆನ್ನೆ ಹಿಡಿದುಕೊಂಡು ಏಳುತ್ತಾನೆ. ಕೊನೆಯ ಚೌಕದಲ್ಲಿ ಪುಟದ ತುಂಬ ಹುಳುಕಾಸುರನ ನಗು. ಒಂದು ಹಲ್ಲಿಗೂ ಮಸಿಯಿಲ್ಲ. ಅದಕ್ಕಾಗಿ ನಾನು ಭಾರೀ ಮಾತೊಂದನ್ನು ಬರೆದಿದ್ದೆ. ಅವನು ಕತ್ತರಿಯನ್ನೂ ಎತ್ತಲಿಲ್ಲ, ಕಾಗದವನ್ನು ಮಡಚಿ ನನ್ನ ಜೇಬಿಗೇ ಹಾಕಿದ. ಇಲ್ಲಿ ಗುಳ್ಳೆಯೇ ಬೇಡ ಎಂದ.

ಸಾಹೇಬರು ಚಿತ್ರಗಳನ್ನು ನಿಧಾನವಾಗಿ ತಿರುವಿದರು. ಡಬ್ಬಿ ಗೆದ್ದದ್ದು ಅವರಿಗೆ ತಿಳಿಯಿತು. ಆದರೂ ಹೂಂ ಎನ್ನಲಿಲ್ಲ. ಹೆಂಡತಿಯ ತಮ್ಮ ಕೆನ್ನೆ ಹಿಡಿದುಕೊಂಡು ಎದ್ದ ಚೌಕ ಬಂದಾಗ ಕೈ ನಿಂತಿತು. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ತಲೆ ಬಾಚಿಕೊಳ್ಳುತ್ತಿದ್ದ ಅವನನ್ನೊಮ್ಮೆ ನೋಡಿದರು, ಚಿತ್ರವನ್ನೊಮ್ಮೆ ನೋಡಿದರು. ನಗುವಿಗೆ ಅವರ ಹೊಟ್ಟೆ ಕುಣಿಯತೊಡಗಿತು.

“ಛಾಪ್ಸ್ರಿ,” ಎಂದರು, ಕಣ್ಣು ಒರೆಸಿಕೊಂಡು. “ನಮ್ಮ ಸಾಲೇ ಮಿಯಾಗೂ ಒಮ್ಮೆ ಹಲ್ಲಬ್ಯಾನಿ ಬರ್ಲಿ.”

ಪುಸ್ತಕ ಪಾಳಾಕ್ಕೆ ಹೋಯಿತು. ಕೆಲವು ದಿನ ಏನೂ ಸುದ್ದಿಯಿಲ್ಲ. ಇವನು ಮುಂಡಗೋಡದ ಬಸ್ಸು ಬಂದಾಗಲೆಲ್ಲ ಪೆನ್ಸಿಲ್ ಕೆಳಗಿಟ್ಟು ಹೊರಗೆ ಹೋಗಿ ನಿಂತು ಬರುತ್ತಿದ್ದ. ಒಂದು ಮಧ್ಯಾಹ್ನ ಆ ಬಸ್ಸಿನ ಕಂಡಕ್ಟರ್ ಪ್ರೆಸ್ಸಿಗೇ ಬಂದು, ಪಾಳಾದ ಅಜ್ಜಿ ಕೊಟ್ಟರು ಎಂದು ಒಂದು ಕಾಗದ ಮುಂದೆ ಹಿಡಿದ. ನಮ್ಮದೇ ಪುಸ್ತಕದ ಕೊನೆಯ ಪುಟ. ನಗುವ ಹುಳುಕಾಸುರನ ಎದುರಿಗೆ, ಚೌಕದ ಅಂಚಿನಲ್ಲಿ, ಹೊರಗೆ ನಿಂತ ಯಾರೋ ಮಾತಾಡುತ್ತಿರುವ ಹಾಗೆ ಪೆನ್ಸಿಲಿನಲ್ಲಿ ಒಂದು ಸಣ್ಣ ಗುಳ್ಳೆ. ಅದರೊಳಗೆ: “ಒಂದ ಕಬ್ಬ ಉಳದೈತಿ. ಬರ್ರಿ.”

ಅಷ್ಟು ದಿನಕ್ಕೆ ಆ ಕಬ್ಬು ಒಣಗಿ ಕಟ್ಟಿಗೆಯಾಗಿರಬೇಕು, ಅದನ್ನು ತಿನ್ನಲು ಯಾರೂ ಕರೆಯುವುದಿಲ್ಲ ಎಂದು ನನಗೂ ಅರ್ಥವಾಯಿತು. ಅವನು ಕಂಡಕ್ಟರನನ್ನು ಎತ್ತಿಕೊಂಡು ಪ್ರೆಸ್ಸಿನ ತುಂಬ ಕುಣಿದ. ಟಿಕೆಟುಗಳೆಲ್ಲ ಚೆಲ್ಲಿದವು, ಅವನ್ನು ಆರಿಸುವ ತನಕ ಮುಂಡಗೋಡದ ಬಸ್ಸು ಹಾರ್ನ್ ಹೊಡೆಯುತ್ತ ನಿಂತಿತ್ತು.

ಮದುವೆಯಲ್ಲಿ ಸಾಹೇಬರ ಉಡುಗೊರೆ ಎಂದು ಬಂದವರಿಗೆಲ್ಲ ಒಂದೊಂದು ಡಬ್ಬಿ ಹಲ್ಲುಪುಡಿ. ಅದು ತಪ್ಪಾಯಿತು. ಅಕ್ಷತೆಯ ಹೊತ್ತಿಗೆ ಯಾರೋ ಕಿಡಿಗೇಡಿ ಮುಷ್ಟಿ ತುಂಬ ಪುಡಿ ಎರಚಿದ, ನೋಡಿದವರೆಲ್ಲ ಎರಚಿದರು. ಮದುಮಗ ರೂಢಿಬಲದಿಂದ ಕೆಮ್ಮುತ್ತ ಹಂದರದ ಬಾಗಿಲ ತನಕ ಓಡಿದ. ಅಲ್ಲಿ ನಿಂತ. ತಿರುಗಿ ನೋಡಿದ. ಅವಳು ಮೂಗಿನಿಂದ ಹಣೆಯವರೆಗೆ ಗುಲಾಬಿಯಾಗಿ, ಜಾಗ ಬಿಟ್ಟು ಕದಲದೆ ಕೂತಿದ್ದಳು. ಅವನು ಸೆಟೆದು ನಡೆದು ಬಂದು ಅವಳ ಪಕ್ಕದಲ್ಲಿ ಕೂತ. ಆಮೇಲೆ ಅವನು ಯಾವುದಕ್ಕೂ ಓಡಿದ್ದನ್ನು ನಾನು ನೋಡಲಿಲ್ಲ.

ಟ್ಯೂಬಿನ ಪೇಸ್ಟುಗಳು ಬಂದು ಸಾಹೇಬರ ಶೆಡ್ಡು ಮುಚ್ಚಿತು. ಆಗ ಇವನು ದಾಂಡೇಲಿಯ ಕಡೆ ರೆಸಾರ್ಟುಗಳಿಗೆ ಬೋರ್ಡು ಬರೆಯತೊಡಗಿದ. ಅಲ್ಲಿಯೂ ಹಳೆಯ ಕೈ ಬಿಡಲಿಲ್ಲ. ಒಂದು ರೆಸಾರ್ಟಿನವರು, ನದಿಯಲ್ಲಿ ಮೊಸಳೆಗಳಿವೆ, ಇಳಿಯಬೇಡಿ ಎಂದು ಬರೆಸಿದರು. ಇವನ ಮೊಸಳೆ ಎಷ್ಟು ಚಂದ ನಕ್ಕಿತೆಂದರೆ ಪ್ರವಾಸಿಗರು ಅದರ ಜೊತೆ ಫೋಟೋ ತೆಗೆಸಿಕೊಂಡು, ನಿಜವಾದದ್ದನ್ನು ನೋಡೋಣ ಎಂದು ನದಿಯ ಕಡೆಗೇ ನಡೆದರು. ರೆಸಾರ್ಟಿನವರು ಕೂಡಲೇ ಅವನನ್ನು ಕರೆಸಿ ಬದಲಿಸಲು ಹೇಳಿದರು. ಅವನು ಮೊಸಳೆಯ ಹಲ್ಲಿಗೆ ಮಸಿ ಬಳಿದು, ಹುಬ್ಬು ಏರಿಸಿ, ತನ್ನ ಹಳೆಯ ಮುಖವನ್ನು ಅದಕ್ಕೆ ಕೊಟ್ಟ. ಮತ್ತೆ ಯಾರೂ ಹತ್ತಿರ ಸುಳಿಯಲಿಲ್ಲ. “ನೋಡ, ಈ ಮಾರಿಗಿ ಇನ್ನೂ ಬೆಲಿ ಐತಿ,” ಎಂದು ಹೆಂಡತಿಯ ಮುಂದೆ ಜಂಬ ಕೊಚ್ಚಿದ. “ಐತಿ ಐತಿ, ಹೋಗಿ ಹಾಲ ತರ್ರಿ,” ಎಂದಳು ಅವಳು.

ಅವನು ಹೋದ ಮೇಲೆ ನಮ್ಮೂರಿನ ಪದ್ಧತಿಯಂತೆ ಬಸ್‌ಸ್ಟ್ಯಾಂಡಿನ ಎದುರು ಶ್ರದ್ಧಾಂಜಲಿಯ ಫ್ಲೆಕ್ಸ್ ಹಾಕಬೇಕಾಯಿತು. ಮಾತು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನಾನು ಒಂದು ಪುಟ ಬರೆದೆ. ಬರೆಯುವಾಗ ಅತ್ತೆ, ತಿದ್ದುವಾಗ ಮತ್ತೆ ಅತ್ತೆ. ಅವನ ಹೆಂಡತಿ ಅದನ್ನು ಓದಿ ಮಡಚಿ ನನ್ನ ಕೈಗೆ ಕೊಟ್ಟಳು.

“ಭಾಳ ಛಲೋ ಬರದೀರಿ ಅಣ್ಣಾರ. ಆದ್ರ ಅವರು ಇದ್ದಿದ್ರ ಏನಂತಿದ್ರು ನಿಮಗ ಗೊತ್ತೈತಿ.”

ಫೋಟೋವನ್ನೂ ಅವಳು ಕೊಡಲಿಲ್ಲ. ಆ ಪುಸ್ತಕದ ಕೊನೆಯ ಪುಟದ ಇನ್ನೊಂದು ಪ್ರತಿ ಕೊಟ್ಟಳು. ಹೀಗಾಗಿ ಹಳಿಯಾಳದ ಬಸ್‌ಸ್ಟ್ಯಾಂಡಿನ ಎದುರು ಆಳೆತ್ತರದ ಹುಳುಕಾಸುರ ಎಲ್ಲ ಹಲ್ಲು ತೋರಿಸಿ ನಗುತ್ತ ನಿಂತ. ಒಂದು ಅಕ್ಷರವಿಲ್ಲ. ಮಾತಾಡಿಸಲು ಬಂದ ನೆಂಟರು ಬಸ್ಸಿಳಿದು, ಅದನ್ನು ನೋಡಿ ನಕ್ಕು, ನಗು ತಡೆದುಕೊಳ್ಳಲಾರದೆ ಬಾಯಿಗೆ ಸೆರಗು, ಹೆಗಲ ಮೇಲಿನ ವಲ್ಲಿ ಒತ್ತಿಕೊಂಡು ಮನೆಯ ಬಾಗಿಲಿಗೆ ಬಂದರು. ಸಾವಿನ ಮನೆಯಲ್ಲಿ ಅಂಥ ಗದ್ದಲವನ್ನು ನಾನು ಕಂಡಿಲ್ಲ.

ದಿನಕರ್ಮಗಳು ಮುಗಿದು ನೆಂಟರೆಲ್ಲ ಹೋದ ಮೇಲೆ ಒಂದು ಬೆಳಗ್ಗೆ ಹಾಲು ತರಲು ಅತ್ತ ಹೋದೆ. ಫ್ಲೆಕ್ಸಿನ ಕೆಳಗೆ ಪಾನಿನ ಅಂಗಡಿಯ ಸ್ಟೂಲು ಇನ್ನೂ ಇತ್ತು. ಚೌಕದ ಅಂಚಿನಲ್ಲಿ, ಅವನ ನಗುವಿನ ಎದುರಿಗೆ, ಹೊರಗೆ ನಿಂತ ಯಾರೋ ಮಾತಾಡುತ್ತಿರುವ ಹಾಗೆ, ಕಪ್ಪು ಪೆನ್ನಿನ ಒಂದು ಗುಳ್ಳೆ ಹೊಸದಾಗಿ ಬಂದಿತ್ತು.

“ನೀವು ಮುಂದ ನಡೀರಿ. ಬರ್ತೇನಿ.”

ನಾನು ಹಾಲಿನ ಪಾತ್ರೆ ಹಿಡಿದುಕೊಂಡು ಅಲ್ಲೇ ನಿಂತೆ. ಗುಳ್ಳೆ ಸಣ್ಣದಿತ್ತು. ಅವನ ತಲೆ ಪೂರ್ತಿ ಕಾಣುತ್ತಿತ್ತು.